ನಮ್ಮ ಮೈದುನ ಆರಿಸಿದ ಭಾರತ ತಂಡ

ಭಾರತ ದೇಶ ಫುಟ್‌ಬಾಲಿನಲ್ಲಿ ಯಾಕೆ ಹಿಂದೆ ಬಿತ್ತು ಎಂದು ದೊಡ್ಡ ದೊಡ್ಡವರೆಲ್ಲ ತಲೆ ಕೆರೆದುಕೊಳ್ಳುತ್ತಾರಂತೆ. ನನ್ನನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದೆ. ಆಟಗಾರರನ್ನು ಆರಿಸುವಾಗ ದಿಲ್ಲಿಯವರು ನಮ್ಮ ಮೈದುನನನ್ನು ಕೇಳಲಿಲ್ಲ! ಕೇಳಿದ್ದರೆ ಗೆಲ್ಲುತ್ತಿದ್ದರು ಅಂತ ನಾನು ಹೇಳುತ್ತಿಲ್ಲ, ಅವನು ಹೇಳುತ್ತಿದ್ದ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಗ್ಗಿ ಕೇಳಿದರೆ ಐದಕ್ಕೇ ನಿಲ್ಲುತ್ತೇನೆ. ಆದರೆ ಭಾರತ ತಂಡದಲ್ಲಿ ಯಾರು ಯಾರು, ಯಾರು ಎಲ್ಲಿ ನಿಲ್ಲಬೇಕು ಅಂತ ಕೇಳಿ, ರೊಟ್ಟಿ ಬಡಿಯುತ್ತಲೇ ಹೇಳುತ್ತೇನೆ. ಎಲ್ಲರೂ ನಮ್ಮ ಹರಪನಹಳ್ಳಿ ಸುತ್ತಮುತ್ತಲಿನವರೇ!

ಇವನು ನಮ್ಮ ಮನೆಯವರ ಬೆನ್ನಿಗೆ ಬಿದ್ದ ತಮ್ಮ. ಹೆಸರು ಬರೆಯುವುದಿಲ್ಲ. ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ, ಇರುವಷ್ಟು ಮಾನ ಉಳಿಯಲಿ. ನಾನು ಹೇಳುತ್ತಿರುವುದು ಎಂಬತ್ತರ ಆಚೆ ಈಚೆಯ ಮಾತು. ನಮ್ಮದು ಕುರಿ ಸಾಕುವ ಮನೆ, ಊರಿನ ಅಂಚಿಗೆ. ನಮ್ಮ ಮಾವನಿಗೆ ಇಬ್ಬರೂ ಮಕ್ಕಳು ಹಿಂಡಿನ ಹಿಂದೆ ಹೋಗಬೇಕೆಂಬ ಆಸೆ. ನಮ್ಮವರು ಹೋದರು. ಮೈದುನ ಮಾತ್ರ ಕುರಿ ವಾಸನೆ ಒಲ್ಲೆ ಅಂತ ಲಾರಿ ಕ್ಲೀನರ್ ಆದ. ಆ ಲಾರಿಯ ಉಳ್ಳಾಗಡ್ಡಿ ವಾಸನೆ ಯಾವ ಮಲ್ಲಿಗೆ ವಾಸನೆಯೋ ನನಗೆ ತಿಳಿಯದು!

ಒಂದು ಸಲ ಉಳ್ಳಾಗಡ್ಡಿ ತುಂಬಿಕೊಂಡು ಕೇರಳದ ಕಲ್ಲಿಕೋಟೆಗೆ ಹೋದರು. ಮಾಲು ಇಳಿಸುವುದು ತಡವಾಯಿತಂತೆ. ಇವನು ಸುಮ್ಮನೆ ಜನ ಹೋದತ್ತ ಹೋಗಿ ಫುಟ್‌ಬಾಲ್ ನೋಡಿದ. ಅಷ್ಟೇ. ಹೋಗುವಾಗ ಹೋದವನು ನಮ್ಮ ಹುಡುಗ, ಬಂದವನು ಯಾರೋ! ಲಾರಿ ಬಿಟ್ಟ. ಮನೆಗೆ ಬಂದವನೇ ಹಿತ್ತಲ ಗೋಡೆಗೆ ಆತು ನಿಂತು ಹೇಳಿದ, "ಅತ್ತಿಗವ್ವಾ, ನಮ್ಮ ದೇಶಕ್ಕ ಟೀಮು ಆರಿಸೋರಿಗೆ ಕಣ್ಣಿಲ್ಲ. ಇನ್ನ ನಾನ ಆರಿಸ್ತೀನಿ."

"ಆರಿಸು. ಮೊದಲು ಈ ಅಕ್ಕಿಯಾಗಿನ ಕಲ್ಲು ಆರಿಸು" ಅಂತ ಮೊರ ಮುಂದೆ ಸರಿಸಿದೆ. ಪುಣ್ಯಾತ್ಮ ಅದನ್ನೂ ಆರಿಸಿದ. ಅರ್ಧ ಕಲ್ಲು ಹಾಗೇ ಬಿಟ್ಟಿದ್ದ. ದೇಶಕ್ಕೆ ಆಟಗಾರರನ್ನು ಆರಿಸುವ ಕಣ್ಣು ಇದು!

ಅವನು ಆರಿಸುವ ಬಗೆ ಕೇಳಿ. ಆಟ ಬರುತ್ತದೋ ಇಲ್ಲವೋ, ಅದನ್ನು ಕೇಳುವ ಮಾತೇ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಬಾಷಾ ಅಂತ ಮೋಟರ್ ಸೈಕಲ್ ರಿಪೇರಿಯವನು ಇದ್ದ. ಎಂಥ ಸತ್ತ ಗಾಡಿಯನ್ನೂ ಒಂದೇ ಒದೆಗೆ ಎಬ್ಬಿಸುತ್ತಿದ್ದ. ಅವನು ಮುಂದಿನ ಸಾಲಿಗೆ! ಕೊಟ್ಟೂರಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು ಬಾಗಿಲಿಗೆ ಅಡ್ಡ ನಿಂತನೆಂದರೆ ಟಿಕೆಟಿಲ್ಲದೆ ಒಂದು ಕೋಳಿಮರಿಯೂ ಒಳಗೆ ನುಸುಳುತ್ತಿರಲಿಲ್ಲ. ಅವನು ಗೋಲಿಗೆ! ಸಂತೆಯ ದಲಾಲಿಯೊಬ್ಬ ಇವನ ಕೈಯಿಂದ ತೆಗೆದು ಅವನ ಕೈಗೆ ಕೊಡುವುದರಲ್ಲಿ ಗಟ್ಟಿಗ. ಅವನು ನಟ್ಟನಡುವೆ! ಹಲವಾಗಲಿನಲ್ಲಿ ಹರಿಗೋಲು ಹಾಕುವವನು ಹೊಳೆಯ ಈ ದಡದಿಂದ ಆ ದಡಕ್ಕೆ ಇಡೀ ದಿನ ಓಡಾಡಿಕೊಂಡಿರುತ್ತಾನೆ. ಮೈದಾನದ ಅಗಲ ಅವನಿಗೇನು ಲೆಕ್ಕ?

"ಲೇ, ಅವ ಓಡಾಡೋದು ಕುಂತಗೊಂಡು" ಅಂದೆ.

"ದಮ್ಮು ಐತಲ್ಲ ಅತ್ತಿಗವ್ವಾ!"

ಇನ್ನು ರೆಫರಿ. ಅದಕ್ಕೆ ಮೈಲಾರದ ಗೊರವಯ್ಯನೇ ಆಗಬೇಕಂತೆ. ಕರಡಿ ತೊಗಲಿನ ಟೊಪ್ಪಿಗೆ ಹಾಕಿ ಡಮರುಗ ಬಾರಿಸಿದರೆ ಬ್ರೆಜಿಲಿನವನೂ ಎದುರು ಮಾತಾಡುವುದಿಲ್ಲವಂತೆ!

ಇದೆಲ್ಲ ಬಾಯಲ್ಲೇ ಇದ್ದಿದ್ದರೆ ನನಗೇನೂ ತೊಂದರೆ ಇರಲಿಲ್ಲ. ಅವನು ನನ್ನ ಅಡುಗೆ ಮನೆಗೇ ಬಂದ. ನೆಲದ ಮೇಲೆ ಉಳ್ಳಾಗಡ್ಡಿ ಭಾರತ, ಬದನೆಕಾಯಿ ಜರ್ಮನಿ. ಸರಿಸುವುದು, ನೋಡುವುದು, ಮತ್ತೆ ಸರಿಸುವುದು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ನಾನು ಕೈಗೆ ಸಿಕ್ಕಿದ ದಪ್ಪನೆಯ ಉಳ್ಳಾಗಡ್ಡಿ ತೆಗೆದು ಹೆಚ್ಚಿ ಒಗ್ಗರಣೆಗೆ ಹಾಕಿದೆ.

"ಅಯ್ಯಯ್ಯೋ! ಕ್ಯಾಪ್ಟನ್‌ನ ಹೆಚ್ಚಿಬಿಟ್ಟೆಲ್ಲ!"

"ಜರ್ಮನಿಯನ್ನೂ ಹೆಚ್ಚಾಕಿ ಅದೀನಿ. ಎಣ್ಣೆಗಾಯಿ ಮಾಡ್ತೀನಿ, ಉಂಡು ಹೋಗು."

ಉಂಡ. ಎರಡು ಸಲ ಹಾಕಿಸಿಕೊಂಡು ಉಂಡ. ದೇಶಪ್ರೇಮ ಉಣ್ಣುವುದಕ್ಕೆ ಅಡ್ಡ ಬರುವುದಿಲ್ಲ!

ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಎಲ್ಲರೂ ಹೇಳಿದರು. ಗಂಡಸರಿಗೆ ಏನೇ ಹುಚ್ಚು ಹಿಡಿದರೂ ಹೆಣ್ಣೊಂದನ್ನು ತಂದು ಕಟ್ಟುವುದೇ ನಮ್ಮ ಕಡೆಯ ಔಷಧಿ. ಹಡಗಲಿಗೆ ಹೆಣ್ಣು ನೋಡಲು ಹೋದೆವು. ಹುಡುಗಿ ತಲೆತುಂಬ ಮಲ್ಲಿಗೆ ಮುಡಿದುಕೊಂಡು ಬಂದು ಚಹಾ ಕೊಟ್ಟಳು. ನಮ್ಮವನ ಕಣ್ಣು ಬಾಗಿಲ ಕಡೆಗೇ. ಅಲ್ಲಿ ಹುಡುಗಿಯ ಅಣ್ಣ ಹೊಲದಿಂದ ಬಂದು ಚಪ್ಪಲಿ ಬಿಡುತ್ತಿದ್ದ. ಕಾಲು ಝಾಡಿಸಿದ್ದಕ್ಕೆ ಚಪ್ಪಲಿ ಹಾರಿ ಮೂಲೆಯಲ್ಲಿದ್ದ ಇನ್ನೊಂದರ ಪಕ್ಕಕ್ಕೆ ಜೋಡಿಯಾಗಿ ಕೂತಿತು.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಮಾವ ಕೇಳಿದರು, "ಹೆಂಗದಾಳಲೇ ಹುಡುಗಿ?"

"ಹುಡುಗಿ ನೋಡಲಿಲ್ಲಪ್ಪಾ. ಆದ್ರ ಅಕಿ ಅಣ್ಣನ ಎಡಗಾಲು! ಏನು ಚಲೋ ಐತಿ!"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಸಂಬಂಧ ಅಲ್ಲಿಗೇ ಮುಗಿಯಿತು. ಹೆಣ್ಣು ಬೇರೆ ಮನೆಗೆ ಹೋಯಿತು, ಅಣ್ಣ ಭಾರತ ತಂಡಕ್ಕೆ ಬಂದ!

ಆಮೇಲೆ ನಮ್ಮ ಮಾವ ಮಗನ ಜೊತೆ ಮಾತು ಕಡಿಮೆ ಮಾಡಿದರು. ಬೈಗುಳ ಮಾತ್ರ ಕಡಿಮೆಯಾಗಲಿಲ್ಲ. ಅಷ್ಟರಲ್ಲಿ ಹೊಸಪೇಟೆ ಕಡೆಯ ಕಾಲೇಜು ಹುಡುಗರು ನಮ್ಮ ಶಾಲೆಯ ಮೈದಾನಕ್ಕೆ ಆಡಲು ಬರುತ್ತಾರೆ, ಇಲ್ಲಿ ಯಾರಾದರೂ ಎದುರಿಗೆ ನಿಲ್ಲುವವರಿದ್ದೀರಾ ಎಂಬ ಮಾತು ಬಂತು. ನಿಲ್ಲದೆ? ನಮ್ಮಲ್ಲಿ ಇಡೀ ಭಾರತವೇ ಇರುವಾಗ!

ಅವತ್ತು ಮಾವ ಮೈಲಾರಲಿಂಗನ ಭಂಡಾರದ ಚೀಲ ತಂದು ಮಗನ ಮುಂದೆ ಇಟ್ಟರು. ಭಂಡಾರವೆಂದರೆ ದೇವರ ಅರಿಷಿಣ ಪುಡಿ. ಅದನ್ನು ಮುಟ್ಟಿ ಆಡಿದ ಮಾತಿಗೆ ನಮ್ಮ ಮನೆಯಲ್ಲಿ ಎರಡಿಲ್ಲ.

"ಗೆದ್ದಿ ಅಂದ್ರ ನಿನ್ನ ದಾರಿ ನಿಂದು. ನಾ ಕೇಳಂಗಿಲ್ಲ. ಸೋತಿ ಅಂದ್ರ ಈ ಮನಿಯಾಗ ನಿನ್ನ ಬಾಯಾಗ ಚೆಂಡಿನ ಮಾತು ಬರಬಾರದು. ಸುಮ್ಮನ ಕುರಿ ಹಿಂದ ನಡಿಬೇಕು. ಮುಟ್ಟು."

ಮುಟ್ಟಿದ. ಹಣೆಗೂ ಹಚ್ಚಿಕೊಂಡ. ಅವನ ಮುಖ ನೋಡಿ ನಾನೇ ಒಂದು ಘಳಿಗೆ ಬೇಡ ಅನ್ನೋಣ ಅಂದುಕೊಂಡೆ. ಆದರೆ ಭಂಡಾರಕ್ಕೆ ಅಡ್ಡ ಬಾಯಿ ಹಾಕುವವರು ಯಾರು?

ಈಗ ಬಂತು ನೋಡಿ ಕಷ್ಟ. ಬಾಯಲ್ಲಿ ಆರಿಸಿದವರು ಬೇರೆ, ಮೈದಾನಕ್ಕೆ ಬರುವವರು ಬೇರೆ. ಹರಿಗೋಲಿನವನು ಹೊಳೆ ಬಿಟ್ಟು ಬರಲಿಲ್ಲ. ದಲಾಲಿ ಬಿಳಿ ಧೋತರ ಕೊಳೆಯಾಗುತ್ತದೆಂದ. ಗೊರವಯ್ಯ ನಕ್ಕು ಹಣೆಗೆ ಭಂಡಾರ ಹಚ್ಚಿ ಕಳಿಸಿದ. ಉಳಿದ ಜಾಗಕ್ಕೆಲ್ಲ ನಮ್ಮ ಸಂಬಂಧಿಕರನ್ನೇ ತುಂಬಿದ. ಎಲ್ಲ ಕುರಿ ಕಾಯುವವರು. ಅವರಿಗೆ ಆಟ ಹೇಳಿಕೊಡುವುದು ಹೇಗೆ? ನಮ್ಮ ಮೈದುನನ ಬುದ್ಧಿ ಅಲ್ಲಿ ಚುರುಕಾಯಿತು.

"ಮಾಮಾ, ಚೆಂಡು ಅಂದ್ರ ಹಿಂಡು ಅಂತ ತಿಳ್ಕೋರಿ. ಮುಂದ ಒಬ್ಬ, ಈ ಬಗಲಿಗೆ ಮೂವರು, ಆ ಬಗಲಿಗೆ ಮೂವರು, ಹಿಂದ ಒಬ್ಬ. ನಡುವ ಚೆಂಡು. ಬೂಟು ಹಾಕ್ಕೊಂಡು ಬರೋರೆಲ್ಲ ತ್ವಾಳ."

"ಇಷ್ಟ ಏನು? ಇದನ್ನ ಹುಟ್ಟಿದಾಗಿಂದ ಮಾಡೀವಿ" ಅಂದರು ಅವರು.

ಆಟದ ದಿನ ಊರಿಗೆ ಊರೇ ಮೈದಾನಕ್ಕೆ ಬಂತು. ನಾನು ಹೋಗಬಾರದು ಅಂದುಕೊಂಡಿದ್ದೆ, ಎಲ್ಲರಿಗಿಂತ ಮೊದಲು ಹೋಗಿ ಶಾಲೆಯ ಗೋಡೆಗೆ ಆತು ನಿಂತಿದ್ದೆ. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಸಂತೆಗೆ ಬಂದವರೂ ಸಂತೆ ಬಿಟ್ಟು ಬಂದರು. ಕಂಡಕ್ಟರು ಬಸ್ಸನ್ನು ಮೈದಾನದ ಪಕ್ಕಕ್ಕೇ ನಿಲ್ಲಿಸಿ, ಕುತ್ತಿಗೆಯ ಚೀಲ ಡ್ರೈವರನಿಗೆ ಕೊಟ್ಟು, ಖಾಕಿಯಲ್ಲೇ ಗೋಲಿಗೆ ನಿಂತ. ಕೊಟ್ಟೂರಿಗೆ ಹೋಗಬೇಕಾದವರು ಬಸ್ಸಿನ ಮಾಡು ಹತ್ತಿ ಕೂತರು. ಒಬ್ಬರೂ ಹೊತ್ತಾಯಿತು ಅನ್ನಲಿಲ್ಲ! ನಮ್ಮ ಮಾವ ಮಾತ್ರ ದೂರದ ಬೇವಿನ ಮರದ ಕೆಳಗೆ, ಕಂಬಳಿ ಹೆಗಲಿಗೆ ಹಾಕಿಕೊಂಡು, ಬೇರೆ ಯಾವುದೋ ಕೆಲಸಕ್ಕೆ ಬಂದವರ ಹಾಗೆ ನಿಂತಿದ್ದರು.

ಏನು ಆಟ ಅದು! ಬೂಟಿನ ಹುಡುಗರು ಚೆಂಡನ್ನು ಅತ್ತ ಇತ್ತ ಕೊಡುತ್ತ ಬಂದರೆ ಹಡಗಲಿಯ ಎಡಗಾಲು ಅಡ್ಡ ಬಂತು. ಬಾಷಾ ಒಮ್ಮೆ ಬೀಸಿ ಒದ್ದ ನೋಡಿ, ಚೆಂಡು ಗೋಲಿನ ಮರಕ್ಕೆ ಬಡಿದು ಧಡ್ ಅಂತು! ಕಂಡಕ್ಟರು ಬಿದ್ದು ಎದ್ದು ಖಾಕಿಯೆಲ್ಲ ಕೆಂಪು ಮಣ್ಣು. ಒಂದನ್ನೂ ಒಳಗೆ ಬಿಡಲಿಲ್ಲ. ನಾನು ಕೂಗುತ್ತಿದ್ದೆನಂತೆ. ನನಗೆ ಗೊತ್ತಿಲ್ಲ, ಮರುದಿನ ಗಂಟಲು ಕೂತಿದ್ದು ಮಾತ್ರ ಗೊತ್ತು. ಮೈದುನ ಗೆರೆಯಾಚೆ ಓಡುತ್ತ "ಬಗಲು ಬಿಡಬ್ಯಾಡ್ರಿ! ಬಗಲು!" ಅಂತ ಒದರುತ್ತಿದ್ದ.

ಹೊತ್ತು ಇಳಿಯುತ್ತ ಬಂದಾಗ ಚೆಂಡು ನಮ್ಮವರ ನಡುವೆ ಸಿಕ್ಕಿತು. ಆಗ ಅವನು ಹೇಳಿಕೊಟ್ಟದ್ದು ನಡೆಯಿತು! ಮುಂದೆ ಒಬ್ಬ, ಎರಡೂ ಬಗಲಿಗೆ ಮೂವರು ಮೂವರು, ಹಿಂದೆ ಒಬ್ಬ. ಸೀಟಿ ಹಾಕುತ್ತ, ನಾಲಗೆಯಲ್ಲಿ ಟ್ರ್ರ್ರ್ ಅನ್ನುತ್ತ, ಚೆಂಡನ್ನು ನಡುವೆ ಹಾಕಿಕೊಂಡು ನಡೆದರು. ಕಾಲೇಜು ಹುಡುಗರಿಗೆ ಎಲ್ಲಿ ಕಾಲು ಹಾಕಬೇಕೋ ತಿಳಿಯಲಿಲ್ಲ. ಸುತ್ತ ಸುತ್ತುತ್ತಾರೆ, ಒಳಗೆ ದಾರಿ ಇಲ್ಲ! ಬಸ್ಸಿನ ಮೇಲಿದ್ದವರು ಮಾಡು ಬಡಿಯತೊಡಗಿದರು. ಮೈದುನ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟಿದ್ದ. ಭಾರತ ಗೆದ್ದೇಬಿಟ್ಟಿತು ಅಂತ ನಾನೂ ಸೆರಗು ಬೀಸಿದೆ.

ಆಮೇಲೆ ಆ ಗುಂಪು ನಿಧಾನಕ್ಕೆ ತಿರುಗಿತು.

ಯಾರೂ ತಿರುಗಿಸಲಿಲ್ಲ, ತಾನಾಗಿಯೇ ತಿರುಗಿತು. ಸೀಟಿ ಹಾಕುತ್ತ, ಒಂದು ಹೆಜ್ಜೆಯೂ ತಪ್ಪದೆ, ಊರ ಕಡೆಗಿದ್ದ ಗೋಲಿಗೆ, ಅಂದರೆ ನಮ್ಮದೇ ಗೋಲಿಗೆ ಬಂದರು. ಕಂಡಕ್ಟರು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಚೆಂಡನ್ನು ಒಳಗೆ ಹಾಕಿ, ಹಿಂದಿದ್ದವನು ಗೋಲಿನ ಬಾಯಿಗೆ ಕಾಲು ಅಡ್ಡ ಇಟ್ಟು ನಿಂತ, ಮತ್ತೆ ಹೊರಗೆ ಬಾರದಿರಲಿ ಅಂತ!

ಆಮೇಲೆ ಎದ್ದ ನಗು ಕೊಟ್ಟೂರಿಗೆ ಕೇಳಿಸಿರಬೇಕು.

"ಮಾಮಾ, ಏನು ಮಾಡಿದ್ರಿ ಇದು!" ಅಂತ ಮೈದುನ ಅಳುವುದೊಂದು ಬಾಕಿ.

ಹಿರಿಯ ಮಾಮನಿಗೆ ಸಿಟ್ಟೇ ಬಂತು. "ಹೊತ್ತು ಮುಳುಗಾಕ ಬಂದಿತ್ತಲೇ. ಮಂದಿ ಹಟ್ಟಿಗೆ ನಮ್ಮ ಕುರಿ ಯಾಕ ತುಂಬಬೇಕು?"

"ನೀನರ ತಡೀಬೇಕಿಲ್ಲೇನೋ?" ಅಂತ ಬಾಷಾ ಕಂಡಕ್ಟರನ ಮೇಲೆ ಹಾರಿದ.

"ನಮ್ಮವರನ್ನ ಹೆಂಗ ತಡೀಲಿ? ಸ್ಟಾಫ್ ಅಂತ ಬಿಟ್ಟೆ!"

ಅವತ್ತು ಬಿದ್ದದ್ದು ಅದೊಂದೇ ಗೋಲು. ನಾವೇ ಹೊಡೆದದ್ದು, ನಮಗೇ. ಸೋತೆವು.

ನಗಬೇಕಾದ ಮಾತು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ನಗು ನಿಂತಿತು. ಮೈದುನ ಆಡಿದ ಮಾತಿಗೆ ತಪ್ಪಲಿಲ್ಲ. ಮರುದಿನ ಹೊತ್ತು ಹುಟ್ಟುವ ಮೊದಲೇ ಕಂಬಳಿ ಹೆಗಲಿಗೆ ಹಾಕಿ ಹಿಂಡಿನ ಹಿಂದೆ ಹೋದ. ಸಂಜೆ ಬಂದ, ಉಂಡ, ಮಲಗಿದ. ಚೆಂಡಿನ ಮಾತು ಬೇಡ ಅಂದಿದ್ದಕ್ಕೆ ಯಾವ ಮಾತೂ ಬೇಡವಾಯಿತು ಅವನಿಗೆ. ಬಾಷಾ ಎರಡು ಸಲ ಬಂದು "ಅಕ್ಕಾ, ಉಸ್ತಾದ್ ಎಲ್ಲಿ?" ಅಂತ ಕೇಳಿ ಹೋದ. ಅಡುಗೆ ಮನೆ ಈಗ ನನ್ನೊಬ್ಬಳದೇ, ಕಾಲಿಗೆ ಒಂದು ಉಳ್ಳಾಗಡ್ಡಿ ತೊಡರುವುದಿಲ್ಲ. ಸುಖವಾಗಿರಬೇಕಿತ್ತು. ಸುಖ ಇರಲಿಲ್ಲ ಅಂತ ಬರೆಯಲು ನನಗೇ ಸಿಟ್ಟು ಬರುತ್ತದೆ.

ನಮ್ಮ ಮಾವನ ವಿಷಯ ಇನ್ನೂ ವಿಚಿತ್ರ. ಗೆದ್ದವರು ಅವರು. ಕೇಳಿದ ಹಾಗೆ ಮಗ ಕುರಿ ಹಿಂದೆ ಹೋಗುತ್ತಿದ್ದ. ಆದರೂ ಒಂದು ಕಡೆ ಕೂತಲ್ಲಿ ಕೂರುತ್ತಿರಲಿಲ್ಲ. ಅಂಗಳದಲ್ಲಿ ಕೋಲಿನಿಂದ ಮಣ್ಣಿನ ಮೇಲೆ ಗೀರುವುದು, ಕಾಲಿನಿಂದ ಅಳಿಸುವುದು. "ಏನು ಮಾಡ್ತೀರಿ ಮಾವಾ?" ಅಂದರೆ "ನಿನಗ್ಯಾಕ ಬೇಕು, ರೊಟ್ಟಿ ನೋಡು" ಅನ್ನುವುದು.

ಹಾಗೇ ಒಂದು ಸಂಜೆ. ಮೈದುನ ಗೋಡೆ ಬದಿಗೆ ಕೂತು ಉಣ್ಣುತ್ತಿದ್ದ. ಮಾವ ಕಂಬಳಿ ಹಾಸಿಕೊಂಡು ಎದುರಿಗೆ ಕೂತಿದ್ದರು. ಇದ್ದಕ್ಕಿದ್ದ ಹಾಗೆ ಹೇಳಿದರು:

"ನೀ ಒಂದು ತಪ್ಪು ಮಾಡೀದಿ."

ಮೈದುನ ತುತ್ತು ಕೆಳಗಿಟ್ಟ. ಅಪ್ಪನನ್ನು ನೋಡಿದ, ಜಗಲಿಯ ಮೇಲಿನ ಭಂಡಾರದ ಚೀಲ ನೋಡಿದ, ಬೇಡ ಅಂತ ತಲೆ ಆಡಿಸಿದ.

"ಭಂಡಾರ ಮುಟ್ಟಿದವ ನೀನು. ನಾ ಮುಟ್ಟಿಲ್ಲ. ನೀ ಮಾತಾಡಬ್ಯಾಡ, ನಾ ಮಾತಾಡ್ತೀನಿ" ಅಂದರು ಮಾವ. "ಅವರಿಗೆ ನೀ ಸಂಜಿ ಹಿಂಡು ಹೊಡಿಯಾದನ್ನ ಹೇಳಿಕೊಟ್ಟಿ. ಸಂಜಿ ಹಿಂಡು ಹಟ್ಟಿಗೆ ಬರತೈತಿ, ಮತ್ತೆಲ್ಲಿಗೆ ಹೋಗತೈತಿ? ಮುಂಜಾನಿದು ಹೇಳಿಕೊಡಬೇಕಿತ್ತು. ಮೇಯಾಕ ಬಿಡೋದು. ಆಗ ನೋಡು, ಎಲ್ಲರ ಮುಖ ಹೊರಗ ಇರತೈತಿ."

ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿದ ವಾಸನೆ ಬಂತು. ತೆಗೆಯಲಿಲ್ಲ. ಇಷ್ಟು ದಿನ ಈ ಮುದುಕ ಅಂಗಳದಲ್ಲಿ ಗೀರುತ್ತಿದ್ದದ್ದು ಇದನ್ನೇ!

ಮೈದುನ ಬಾಯಿ ತೆರೆಯಲಿಲ್ಲ. ಆಣೆ ಆಣೆಯೇ. ತಾಟು ಸರಿಸಿ ಎದ್ದ, ಕೈಯನ್ನೂ ತೊಳೆಯದೆ ಹೋಗಿ ಅಪ್ಪನ ಮಗ್ಗುಲಿಗೆ ಕೂತ. ಮೀಸೆ ಬಂದ ಮೇಲೆ ಅವನು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಮಾವ ಅವನ ಮುಖ ನೋಡಲಿಲ್ಲ. ಕಂಬಳಿಯ ತುದಿಯನ್ನು ಅವನ ಮೊಣಕಾಲಿನವರೆಗೆ ಎಳೆದುಕೊಟ್ಟು, ಕೋಲು ಕೈಗೆ ತೆಗೆದುಕೊಂಡರು.

"ಇಲ್ಲಿ ನೋಡು. ಮೊದಲು ಆ ಬಾಷಾನ್ನ ಎಲ್ಲಿ ನಿಲ್ಲಸೋದು ಅಂತ ಹೇಳ್ತೀನಿ."