ಫಲಿತಾಂಶಕ್ಕೆ ಮೊದಲೇ ಬುಕ್ ಮಾಡಿದ ಸೀಟು

ಮಸ್ಕತ್‌ನಲ್ಲಿ ಹನ್ನೆರಡನೇ ಕ್ಲಾಸಿನ ಮಗು ಇರುವ ಮನೆಯಲ್ಲಿ ದಿನಕ್ಕೊಂದು ತಮಾಷೆ ತಾನಾಗಿಯೇ ನಡೆಯುತ್ತಿತ್ತು, ನಗುವ ಪುರುಸೊತ್ತು ಮಾತ್ರ ಯಾರಿಗೂ ಇರುತ್ತಿರಲಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ಮಕ್ಕಳಿಗೆ ಅಲ್ಲಿ ಶಾಲೆ ಇತ್ತು, ಕಾಲೇಜು ಇರಲಿಲ್ಲ. ಹನ್ನೆರಡು ಮುಗಿದದ್ದೇ ಮಗು ಊರಿಗೆ ಹೋಗಬೇಕು, ಅಪ್ಪ ಅಮ್ಮ ಅಲ್ಲೇ ಉಳಿಯಬೇಕು. ನಮಗಿದ್ದದ್ದು ಒಬ್ಬಳೇ ಮಗಳು. ಅವಳು ಹೊರಡಲು ಇನ್ನೂ ಒಂದು ವರ್ಷ ಇರುವಾಗಲೇ, ಅವಳ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಾ ನಾನು ಕಣ್ಣೊರೆಸಿಕೊಳ್ಳಲು ಶುರುಮಾಡಿದ್ದೆ.

ದೋಣಿ ಬರುವ ಮೊದಲು

ಊರಿನ ಒಂದು ಡೆಂಟಲ್ ಕಾಲೇಜಿನಿಂದ ಕಾಗದ ಬಂತು. ಫಲಿತಾಂಶಕ್ಕೆ ಮೊದಲೇ ಮುಂಗಡ ಕಟ್ಟಿದರೆ ಸೀಟು ಖಾತ್ರಿ, ಫೀಸೂ ಸ್ವಲ್ಪ ಕಡಿಮೆ. ಆಮೇಲೆ ಬೇಡವೆಂದರೆ ಮುಂಗಡ ವಾಪಸಿಲ್ಲ.

ನಮ್ಮವರು ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಸಾಮಾನು ಕಣ್ಣಾರೆ ನೋಡದೆ ಸಹಿ ಹಾಕುವವರೇ ಅಲ್ಲ.

"ದೋಣಿ ದಡಕ್ಕೆ ಬರುವ ಮೊದಲೇ ಮೀನಿಗೆ ದುಡ್ಡು ಕೊಡ್ತಾರಾ ಯಾರಾದರೂ?" ಎಂದರು.

"ದೋಣಿ ಬಂದ ಮೇಲೆ ಹೋದವರಿಗೆ ಬೂತಾಯಿಯಂಥ ಸಣ್ಣ ಮೀನೂ ಸಿಗುವುದಿಲ್ಲ," ಎಂದೆ.

"ಒಳ್ಳೆ ಮಾರ್ಕು ಬಂದು ಬೇರೆ ಕಡೆ ಕಡಿಮೆಗೆ ಸಿಕ್ಕಿದರೆ?"

"ಬಾರದಿದ್ದರೆ?"

ಒಂದು ವಾರ ಮನೆಯಲ್ಲಿ ಬಂಗುಡೆ, ಅಂಜಲ್, ದೋಣಿ, ಬಲೆ, ಇದೇ ಮಾತು. ಕೊನೆಗೆ ಮಗಳು ಪುಸ್ತಕದಿಂದ ತಲೆಯೆತ್ತಿ ಇಂಗ್ಲಿಷಿನಲ್ಲಿ ಕೇಳಿದಳು: "ಆ ಮೀನು ನಾನಾ?"

ಮೇಲಿನ ಮನೆಯ ಅಕೌಂಟೆಂಟರು

ಅಲ್ ಅಜೈಬಾದಲ್ಲಿ ನಮ್ಮ ಮೇಲಿನ ಮನೆಯವರು ಅಕೌಂಟೆಂಟರು, ಮಂಗಳೂರು ಕಡೆಯವರು. ಅವರ ಮಗನದೂ ನಮ್ಮ ಮಗಳ ಕ್ಲಾಸೇ. ಬಲ್ಲವರನ್ನೇ ಕೇಳೋಣವೆಂದು ಒಂದು ಶುಕ್ರವಾರ ಬೆಳಿಗ್ಗೆ ಇಬ್ಬರೂ ಹತ್ತಿ ಹೋದೆವು. ಅವರು ಉದ್ದ ಹಾಳೆಯಲ್ಲಿ ಗೆರೆ ಎಳೆದು ಬಡ್ಡಿ, ರಿಯಾಲಿನ ದರ ಎಲ್ಲ ಕೂಡಿಸಿ ಕಳೆದು, "ಖಂಡಿತಾ ಕಟ್ಟಬೇಡಿ ಮಾರಾಯ್ರೆ. ಫಲಿತಾಂಶದವರೆಗೆ ಕಾಯುವುದೇ ಲಾಭ," ಎಂದರು.

ನಮ್ಮವರು ಗೆದ್ದ ಮುಖವನ್ನು ನನ್ನ ಕಡೆ ತಿರುಗಿಸಿದರು. ಅಷ್ಟರಲ್ಲಿ ಚಹಾ ತಂದ ಅಕೌಂಟೆಂಟರ ಹೆಂಡತಿ, "ಎಂಥ ಕಾಯುವುದು? ನಾವು ಹೋದ ತಿಂಗಳೇ ಕಟ್ಟಿ ಆಯ್ತಲ್ಲ!" ಎಂದರು.

ಅಕೌಂಟೆಂಟರು ಮೆಲ್ಲಗೆ ಹಾಳೆ ಮಡಚಿದರು. "ಲೆಕ್ಕ ಹಾಕುವ ಕೆಲಸ ಮಾತ್ರ ನನ್ನದು."

ಫೋನ್ ಕಾರ್ಡು

ಮುಂಗಡ ನಿಜಕ್ಕೂ ವಾಪಸಿಲ್ಲವೇ ಎಂದು ಕಾಲೇಜಿಗೇ ಫೋನ್ ಮಾಡಿ ಕೇಳಲು ಹೊರಟೆವು. ಬಿಸಿಲಿಗೆ ಕಾದು ಹಬೆಯಾಡುತ್ತಿದ್ದ ರಸ್ತೆಬದಿಯ ಫೋನಿನ ಗೂಡಿನೊಳಗೆ ನಾನು, ಹೊರಗೆ ನಮ್ಮವರು. ಎತ್ತಿದ ಗುಮಾಸ್ತರು ನನ್ನ ಮಾತಿನ ಧಾಟಿ ಕೇಳಿದ್ದೇ, "ನೀವು ಉಡುಪಿ ಕಡೆಯವರಾ? ನಾನು ಕಟಪಾಡಿ!" ಎಂದರು. ನನ್ನ ತವರೂ ಕಟಪಾಡಿ. ಅವರ ಹಿಂದೆ ಏನೋ ಸದ್ದು.

"ಅದೆಂಥ ಸದ್ದು?"

"ಮಳೆ ಅಮ್ಮಾ. ಆಟಿ ತಿಂಗಳಲ್ವಾ, ಮಳೆಗಾಲ?"

ಏಳು ವರ್ಷ ನಾನು ರಜೆಯಲ್ಲಿ ಊರಿಗೆ ಹೋದದ್ದೆಲ್ಲ ಡಿಸೆಂಬರಿನಲ್ಲಿ. ಮಳೆ ಕೇಳಿಯೇ ಇರಲಿಲ್ಲ. "ಸ್ವಲ್ಪ ಆ ಫೋನನ್ನು ಕಿಟಕಿ ಹತ್ತಿರ ಹಿಡೀತೀರಾ?" ಎಂದೆ. ಪುಣ್ಯಾತ್ಮರು ಹಿಡಿದರು. ಕಾರ್ಡು ಮುಗಿಯುವವರೆಗೂ ನಾನು ಕಣ್ಣು ಮುಚ್ಚಿ ನಿಂತಿದ್ದೆ.

ಹೊರಗೆ ಬಂದಾಗ ನಮ್ಮವರು ಕೇಳಿದರು: "ಏನಂತೆ, ಬರುತ್ತದಂತಾ?"

"ಬರ್ತಾ ಉಂಟು. ಜೋರಾಗಿ."

"ದುಡ್ಡಾ?"

"ಮಳೆ."

ಅಮ್ಮನಿಗೊಂದು ಸ್ಟೂಲ್

ಕೊನೆಗೆ ನನ್ನ ಹೆದರಿಕೆಯೇ ಗೆದ್ದಿತು, ಕಟ್ಟುವುದೆಂದಾಯಿತು. ನಾನು ಟೈಪಿಸ್ಟ್ ಆಗಿದ್ದ ಕಚೇರಿಯ ಯಜಮಾನರು ರುಸ್ತಾಕ್ ಕಡೆಯ ಅರಬ್ ಹಿರಿಯರು, ನಮ್ಮೊಡನೆ ಹಿಂದಿಯಲ್ಲೇ ಮಾತು. ಮೂರು ತಿಂಗಳ ಸಂಬಳ ಮೊದಲೇ ಬೇಕೆಂದೆ.

"ಯಾಕೆ?"

"ಮಗಳಿಗೆ ಸೀಟು ಬುಕ್ ಮಾಡಬೇಕು."

"ವಿಮಾನದಲ್ಲಾ?"

"ಕಾಲೇಜಿನಲ್ಲಿ."

"ಕೂತುಕೊಳ್ಳುವ ಸೀಟಿಗೆ ಮೂರು ತಿಂಗಳ ಸಂಬಳವಾ!" ಅವರು ಎದುರಿನ ಹೊಸ ಸೋಫಾ ತೋರಿಸಿದರು. "ಇದಕ್ಕೂ ಅಷ್ಟಾಗಲಿಲ್ಲ!"

ಬಿಡಿಸಿ ಹೇಳಿದೆ. ಅವರು ಸಹಿ ಹಾಕಿದರು. ಹಾಕಿದವರು, "ಒಬ್ಬಳೇ ಮಗಳಲ್ಲವಾ? ಅವಳು ಹೋದ ಮೇಲೆ ಮನೆಯಲ್ಲಿ ಯಾರನ್ನು ಬೈತೀ?" ಎಂದು ಕೇಳಿಬಿಟ್ಟರು. ನನ್ನ ಕಣ್ಣಿಂದ ನೀರು ಬಂತು. ಅವರಿಗೆ ಗಾಬರಿ.

"ಅಳಬೇಡ, ಅಳಬೇಡ! ಇಷ್ಟು ದುಡ್ಡು ತಗೊಳ್ತಾರಲ್ಲ, ಪಕ್ಕದಲ್ಲಿ ಅಮ್ಮನಿಗೂ ಒಂದು ಸ್ಟೂಲ್ ಹಾಕಲು ಹೇಳು!"

ಕಾಲೇಜಿನ ಉತ್ತರ

ಮುಂದಿನ ಬೇಸಿಗೆಗೆ ಫಲಿತಾಂಶ ಬಂತು. ಮಗಳಿಗೆ ನಾವು ಯಾರೂ ಊಹಿಸದಷ್ಟು ಮಾರ್ಕು. ಬೇರೊಂದು ಕಾಲೇಜು ಡೊನೇಶನ್ ಕೇಳದೆ, ಬರೀ ಫೀಸಿಗೆ ಸೀಟು ಕೊಟ್ಟಿತು. ಮುಂಗಡ ಮುಳುಗಿತು. "ನಾನು ಆಗಲೇ ಹೇಳಿದ್ದೆ" ಎಂಬ ಮಾತು ನಮ್ಮವರ ತುಟಿಯವರೆಗೆ ಬಂದು ನಿಂತದ್ದನ್ನು ನಾನು ನೋಡಿದೆ. ಹೇಳಲಿಲ್ಲ, ಅಷ್ಟು ಉಪಕಾರ.

ಸೀಬ್ ವಿಮಾನ ನಿಲ್ದಾಣದಲ್ಲಿ ಮಗಳು ನನ್ನನ್ನು ತಬ್ಬಿಕೊಂಡಾಗ ಅವರು, "ಯಲ್ಲಾ, ಯಲ್ಲಾ, ತಡವಾಯ್ತು," ಎಂದು ಅವಸರ ಮಾಡಿದರು. ವಿಮಾನಕ್ಕೆ ಇನ್ನೂ ಎರಡೂವರೆ ಗಂಟೆ ಇತ್ತು. ಆಮೇಲೆ ಎಷ್ಟೋ ದಿನ ನಾನು ಮೂವರಿಗೆ ಅನ್ನ ಇಡುತ್ತಿದ್ದೆ, ಅವರು ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸುತ್ತಿದ್ದರು.

ಹಾಗಿರುವಾಗ, ಮುಂಗಡಕ್ಕಾಗಿ ನಮ್ಮವರು ಬರೆದಿದ್ದ ಪತ್ರಕ್ಕೆ ಮೊದಲಿನ ಕಾಲೇಜಿನಿಂದ ಉತ್ತರ ಬಂತು. ಗಟ್ಟಿಯಾಗಿ ಓದಿದರು: "ನಿಯಮದಂತೆ ಹಣ ಹಿಂದಿರುಗಿಸಲಾಗದು. ಆದರೆ ವಿದ್ಯಾರ್ಥಿನಿಯ ಒಡಹುಟ್ಟಿದ ತಮ್ಮ ಅಥವಾ ತಂಗಿ ನಮ್ಮಲ್ಲಿ ಸೇರಿದರೆ ಅವರ ಫೀಸಿಗೆ ಹೊಂದಿಸಿಕೊಳ್ಳಲಾಗುವುದು."

ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನನಗಾಗ ನಲವತ್ತನಾಲ್ಕು.

"ಏನು ನೋಡ್ತೀರಿ? ಖಲಾಸ್!" ಎಂದು ಕೂಗಿದೆ.

ಮಗಳು ಹೋದ ಮೇಲೆ ಆ ಮನೆಯಲ್ಲಿ ಇಬ್ಬರೂ ನಕ್ಕದ್ದು ಅದೇ ಮೊದಲು. ನಗುತ್ತಾ ನಗುತ್ತಾ ಇಬ್ಬರ ಕಣ್ಣೂ ತುಂಬಿದವು.

ಅವರು ಕಾಗದವನ್ನು ಜೋಪಾನವಾಗಿ ಮಡಚಿ ಕಿಸೆಗೆ ಹಾಕಿಕೊಂಡು, "ಅಲ್ಲ ಮಾರಾಯ್ತಿ, ಕೊನೆಯ ತಾರೀಕು ಅಂತ ಏನೂ ಬರೆದಿಲ್ಲ ಅವರು," ಎಂದರು.