ವಿಷ ಹೂಳಿದ ಬೇಸಿಗೆ

ವಿಷ ಕಾಯುವ ಕೆಲಸದಲ್ಲಿರುವವನು ದೆವ್ವವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮನುಷ್ಯರೇ ಆ ಕೊರತೆಯನ್ನು ಆಗಾಗ ತುಂಬಿಕೊಡುತ್ತಾರೆ. ನಾನು ಬೆಳೆಗೆ ಹೊಡೆಯುವ ಔಷಧಿಗಳ ಸರ್ಕಾರಿ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ ಮೇಲಿನಿಂದ ಆದೇಶ ಬಂತು: ಅವಧಿ ಮೀರಿದ ವಿಷವನ್ನೆಲ್ಲ ಊರಿಂದ ದೂರ, ಬಾವಿಯಿಂದ ದೂರ, ಸುಣ್ಣ ಹಾಕಿ ಹೂಳಬೇಕು. ಖಾಲಿ ಡಬ್ಬಿಗಳಿಗೆ ತೂತು ಹೊಡೆದು, ಜಜ್ಜಿ, ಅವನ್ನೂ ಹೂಳಬೇಕು.

ಡಬ್ಬಿಯ ಮಾತು ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆ ಬಿಗಿ ಮುಚ್ಚಳದ ತಗಡಿನ ಡಬ್ಬಿ ಎಂದರೆ ಹೆಣ್ಣುಮಕ್ಕಳಿಗೆ ಜೀವ. ಹಿಂದಿನ ವರ್ಷ ಒಂದು ಮನೆಯಲ್ಲಿ ಅಂಥ ಡಬ್ಬಿಯನ್ನು ತೊಳೆದು ಅಡಿಗೆಯ ಒಳ್ಳೆಣ್ಣೆ ತುಂಬಿಟ್ಟಿದ್ದರು. ಆ ಮನೆಯ ಹುಡುಗಿ ಉಳಿಯಲಿಲ್ಲ. ಆ ಮನೆಗೆ ನಾನು ಹೋಗಿದ್ದೆ. ಆದ್ದರಿಂದ ಒಂದೇ ಒಂದು ಡಬ್ಬಿಯೂ ಯಾರ ಅಡಿಗೆಮನೆಯನ್ನೂ ಸೇರಬಾರದು ಎಂದುಕೊಂಡು, ಒಬ್ಬ ಸಿಪಾಯಿ, ಒಬ್ಬ ಡ್ರೈವರು, ಒಂದು ಹಳೆಯ ಜೀಪು ಕಟ್ಟಿಕೊಂಡು ಹೊರಟೆ.

೧. ಬಾದಾಮಿ

ಆದೇಶದ ಜೊತೆಗೆ ಒಂದು ರಬ್ಬರಿನ ಮುಖವಾಡ ಬಂದಿತ್ತು. ಎರಡು ಗುಂಡನೆಯ ಗಾಜಿನ ಕಣ್ಣು, ಮೂಗಿನ ಜಾಗದಲ್ಲಿ ಗಿಡ್ಡ ಸೊಂಡಿಲು. ಸಿಪಾಯಿ ಅದನ್ನು ತಿರುವಿ ನೋಡಿ, "ಸಾಹೇಬ್ರ, ಇದನ್ನ ಹಾಕ್ಕೊಂಡು ಮನಿಗೆ ಹೋದ್ರ ನಮ್ಮಾಕಿ ಊಟಕ್ಕ ಹಾಕಂಗಿಲ್ರಿ, ಊದಿನಕಡ್ಡಿ ಹಚ್ಚತಾಳ" ಅಂದ. ಹಾಗೆಂದರೂ ಹಾಕಿಕೊಂಡ. ಉಗ್ರಾಣವಿದ್ದದ್ದು ಗುಡ್ಡದ ಬುಡದಲ್ಲಿ. ಡಬ್ಬಿಗಳನ್ನು ಜೀಪಿಗೇರಿಸಿ, ಬೆವರು ಒರೆಸಿಕೊಳ್ಳಲು ಮುಖವಾಡ ತೆಗೆದು ಗೋಡೆಯ ಮೇಲಿಟ್ಟ. ತಿರುಗಿ ನೋಡಿದರೆ ಅದು ಇರಲಿಲ್ಲ.

ಸಂಜೆ ಗುಹೆಗಳ ಕಡೆಯ ಮೆಟ್ಟಿಲಿಂದ ಒಬ್ಬ ಗೈಡು ಓಡಿ ಬಂದ. ಅವನ ಹಿಂದೆ ಇಬ್ಬರು ಪ್ರವಾಸಿಗರು, ಅವರಲ್ಲೊಬ್ಬನ ಕಾಲಲ್ಲಿ ಬೂಟೂ ಇರಲಿಲ್ಲ.

"ಮ್ಯಾಲ ಕುಂತೈತ್ರಿ! ಕರೀ ಮಾರಿ! ಉಸರ ಬಿಡೂದು ಕೇಳಸ್ತೈತ್ರಿ!"

ನಾನು ಕತ್ತೆತ್ತಿ ನೋಡಿದೆ. ಕೆಂಪು ಬಂಡೆಯ ತುದಿಯಲ್ಲಿ, ಮುಳುಗುವ ಸೂರ್ಯನಿಗೆ ಎದುರಾಗಿ, ಎರಡು ದುಂಡನೆಯ ಬೆಂಕಿ. ಅವು ನಿಧಾನವಾಗಿ ನನ್ನ ಕಡೆಗೇ ತಿರುಗಿದವು. ಮುಖವಾಡ ಕದ್ದ ಮಂಗ ಎಂದು ತಿಳಿದಿದ್ದೂ ನನ್ನ ಬೆನ್ನು ತಣ್ಣಗಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಗೈಡಿಗೆ ವಿಷಯ ತಿಳಿಸಿ ಸಮಾಧಾನ ಮಾಡಿದೆ.

ಮರುದಿನ ಸಂಜೆ ಅವನೇ ನಮ್ಮನ್ನು ಹುಡುಕಿಕೊಂಡು ಬಂದ. ಹಿಂದೆ ಹತ್ತು ಹನ್ನೆರಡು ಪ್ರವಾಸಿಗರು ಕಾಯುತ್ತ ನಿಂತಿದ್ದರು. ನನ್ನ ಕಿವಿಯ ಹತ್ತಿರ ಬಂದು ಕೇಳಿದ:

"ಸಾಹೇಬ್ರ, ಇನ್ನೊಂದು ಮುಖವಾಡ ಐತೇನ್ರಿ? ಮಂಗ್ಯಾ ಇವತ್ತ ಡ್ಯೂಟಿಗೆ ಬಂದಿಲ್ಲ."

೨. ಬಾಗಲಕೋಟೆ

ಇಲ್ಲಿ ಉಗ್ರಾಣವೆಂದರೆ ಒಬ್ಬ ವ್ಯಾಪಾರಿಯ ಹಳೆಯ ಮನೆಯ ಹಿಂದಿನ ಖೋಲಿ. ಬಾಗಿಲ ಮೇಲೆ ತಲೆಬುರುಡೆ, ಎರಡು ಎಲುಬು, ಕೆಂಪಕ್ಷರದಲ್ಲಿ 'ವಿಷ' ಎಂಬ ಫಲಕ. ಒಳಗೆ ಹೋದರೆ ಗೋಡೆಯ ಮೇಲೆ ಹಲ್ಲಿ ಇಲ್ಲ, ಇರುವೆ ಇಲ್ಲ. ಮೂಲೆಯಲ್ಲಿ ಜೇಡರ ಬಲೆ ಇತ್ತು, ಜೇಡ ಇರಲಿಲ್ಲ. ಅಷ್ಟು ನಿಶ್ಶಬ್ದವಾದ ಕೋಣೆಯನ್ನು ನಾನು ಮತ್ತೆ ನೋಡಿಲ್ಲ. ನಮ್ಮ ಸಿಪಾಯಿಯೂ ಅಲ್ಲಿ ಪಿಸುಮಾತಿನಲ್ಲೇ ಮಾತಾಡಿದ.

ಖೋಲಿ ಖಾಲಿ ಮಾಡಿ ಫಲಕ ಕೀಳಲು ಹೋದಾಗ ಮನೆಯ ಯಜಮಾನರು ಅಡ್ಡ ಬಂದರು.

"ಅದೊಂದು ಇರ್ಲಿ ಬಿಡ್ರಿ."

"ವಿಷ ಎಲ್ಲಾ ಒಯ್ದೇವಲ್ರಿ ಯಜಮಾನ್ರ. ಇನ್ಯಾಕ ಇದು?"

ಅವರು ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇದನ್ನ ಹಾಕಿದಾಗಿಂದ ನಮ್ಮ ಅಳಿಯಾ ಬಂದ್ರ ಒಂದ ದಿನಕ್ಕ ಹೋಗ್ತಾನ್ರಿ."

೩. ಇಳಕಲ್ಲ

ಇಳಕಲ್ಲಿನ ಆಚೆ ಕೆಲಸ ನಿಂತುಹೋದ ಒಂದು ಕಲ್ಲಿನ ಕ್ವಾರಿ ಇತ್ತು. ಸುತ್ತ ಕೆಂಪುಕಲ್ಲಿನ ಗೋಡೆ. ಮಾತಾಡಿದರೆ ಮಾತು ತಿರುಗಿ ಬರುತ್ತಿತ್ತು. ಸುಡುವ ಮಧ್ಯಾಹ್ನ, ನಾವು ಅದರ ಅಂಚಿನ ಮಣ್ಣಿನಲ್ಲಿ ಉದ್ದನೆಯ ಗುಂಡಿ ತೋಡಿದೆವು. ಪಕ್ಕದಲ್ಲಿ ಸುಣ್ಣದ ಚೀಲ, ಜೀಪಿನಲ್ಲಿ ತಾಡಪತ್ರಿ ಹೊದಿಸಿದ ಸಾಮಾನು.

ಒಬ್ಬ ಮುದುಕಿ ಆಡುಗಳನ್ನು ಬಿಟ್ಟು ಬಂದು ನಿಂತಳು. ಗುಂಡಿ ನೋಡಿದಳು, ಸುಣ್ಣ ನೋಡಿದಳು, ತಾಡಪತ್ರಿ ನೋಡಿದಳು.

"ಅಳಾಕ ಹೆಣ್ಣಮಕ್ಕಳು ಯಾರೂ ಬರ್ಲಿಲ್ಲೇನಪಾ?"

ನಾನು ಗುದ್ದಲಿ ಕೆಳಗಿಡುವುದರೊಳಗೆ ಅವಳು ನೆಲಕ್ಕೆ ಕೂತು, ಸೆರಗು ಮುಖಕ್ಕೆ ಎಳೆದುಕೊಂಡು, ಹಾಡಿಕೊಂಡು ಅಳತೊಡಗಿದ್ದಳು. "ಯಾವ ತಾಯಿ ಮಗನೋ ನನ್ನಪ್ಪಾ, ನಿನ್ನ ಮಾರಿ ನೋಡಾಕ ಒಬ್ಬರೂ ಬರ್ಲಿಲ್ಲೋ..." ಕ್ವಾರಿಯ ಗೋಡೆಗಳು ಆ ದನಿಯನ್ನು ಹಿಡಿದು ತಿರುಗಿ ಕೊಟ್ಟವು. ಒಬ್ಬಳು ಅಳುತ್ತಿದ್ದಳು, ಕೇಳಿದ್ದು ಏಳೆಂಟು ಹೆಂಗಸರ ಅಳು. ಡ್ರೈವರು ಟೊಪ್ಪಿಗೆ ತೆಗೆದು ನಿಂತುಬಿಟ್ಟ. ತಾಡಪತ್ರಿಯ ಕೆಳಗೆ ಏನಿದೆ ಎಂದು ಒಂದು ಗಳಿಗೆ ನನಗೇ ಅನುಮಾನವಾಯಿತು.

ಕೊನೆಗೆ ಸಿಪಾಯಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಯವ್ವಾ, ಹೆಣ ಅಲ್ಲಬೇ. ಬೆಳಿಗೆ ಹೊಡಿಯೂ ಎಣ್ಣಿ ಇದು, ಹಳೇದಾಗೇತಿ."

ಮುದುಕಿ ಸೆರಗು ಸರಿಸಿ ಅವನನ್ನೂ ನನ್ನನ್ನೂ ನೋಡಿದಳು. ಕಣ್ಣೊರೆಸಿಕೊಂಡು ಎದ್ದಳು.

"ಅತ್ತದ್ದು ಅತ್ತೇನಿ, ಹೊಳ್ಳಿ ತಗೊಳ್ಳಾಕ ಬರಂಗಿಲ್ಲ. ನಿಮ್ಮ ಮೂರು ಮಂದ್ಯಾಗ ಯಾರ ಮೊದಲ ಹೋಗ್ತೀರಿ, ಅವ್ರ ಲೆಕ್ಕಕ್ಕ ಹಚ್ಚಿಕೊಳ್ರಿ."

ವಾಪಸು ಬರುವಾಗ ಡ್ರೈವರು ಜೀಪನ್ನು ಎತ್ತಿನ ಬಂಡಿಗಿಂತ ನಿಧಾನವಾಗಿ ಓಡಿಸಿದ.

೪. ಹುನಗುಂದದ ಹತ್ತಿರದ ಒಂದು ಹಳ್ಳಿ

ಹಳ್ಳಿಯಿಂದ ದೂರದ ಕಲ್ಲುಬಂಡೆಯ ಬಯಲು. ಜೀಪು ಅಲ್ಲಿವರೆಗೆ ಹೋಗುತ್ತಿರಲಿಲ್ಲ. ವಿಷವನ್ನು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದೆವು. ಖಾಲಿ ಡಬ್ಬಿಗಳನ್ನು ಬಂಡೆಯ ಮೇಲೆ ಸಾಲಾಗಿ ಇಟ್ಟು, ತೂತು ಹೊಡೆಯುವ ಹಾರೆ ತರಲು ಜೀಪಿಗೆ ಹೋಗಿ ಬಂದೆವು. ಡಬ್ಬಿಗಳು ಇರಲಿಲ್ಲ.

ಬಯಲಿನಲ್ಲಿ ನರಪಿಳ್ಳೆ ಇಲ್ಲ. ಕಲ್ಲಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಬಿಸಿಲು ಮಾತ್ರ ಸಣ್ಣಗೆ ನಡುಗುತ್ತಿತ್ತು.

ನಮಗೆ ನಗು ಬರಲಿಲ್ಲ. ಸಂಜೆಯ ಅಡಿಗೆಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಓಡಿ ಹೋಗಿ ಜೀಪು ಹತ್ತಿ, ಊರಿಗೆ ಬಂದು ಚಾವಡಿಯಲ್ಲಿದ್ದ ಗೌಡರಿಗೆ ಹೇಳಿದೆವು. ಮನೆ ಮನೆ ಹುಡುಕೋಣ ಎಂದೆ.

"ಹುಡಿಕಿದ್ರ ಒಂದೂ ಸಿಗಂಗಿಲ್ರಿ ಸಾಹೇಬ್ರ, ಮತ್ತಿಷ್ಟು ಒಳಗ ಹೊಕ್ಕಾವು. ಕಂಬಳಿ ಹೊಚ್ಚೂಣು."

ಆ ಊರಿನ ಪದ್ಧತಿ ಅದು. ಕಳುವಾದಾಗ ಮನೆಗೊಬ್ಬರಂತೆ ಚಾವಡಿಗೆ ಬಂದು ತಲೆತುಂಬ ಕಂಬಳಿ ಹೊದ್ದು ಕೂರಬೇಕು. ಕದ್ದವನೂ ಕಂಬಳಿಯೊಳಗಿಂದಲೇ ಎದ್ದು ಹೋಗಿ, ಸಾಮಾನು ತಂದಿಟ್ಟು ಮತ್ತೆ ಕೂರುತ್ತಾನೆ. ಯಾರೂ ನೋಡಿಲ್ಲ, ಆದ್ದರಿಂದ ಯಾರೂ ಕದ್ದಿಲ್ಲ.

ಡಂಗುರದವನು ಓಣಿ ಓಣಿ ಸಾರಿದ: "ಆ ಡಬ್ಬ್ಯಾಗಿಂದು ಉಂಡಾವ್ರು ಉಳಿಯಂಗಿಲ್ರಪೋ!" ಜನ ಕಂಬಳಿ ಹಿಡಿದು ಬಂದರು. ಗೌಡರು ಹೊದ್ದರು, ಡ್ರೈವರು ಹೊದ್ದ, ಸಿಪಾಯಿ ಹೊದ್ದ. ಕೊನೆಗೆ ನಾನೂ ಚಪ್ಪಲಿ ಬಿಟ್ಟು ಮೇಲೆ ಹೋಗಿ ಹೊದ್ದೆ. ಹೊದೆಯುವ ಮುನ್ನ ಒಮ್ಮೆ ಕಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ: ಹಾಡಹಗಲಿನ ಚಾವಡಿಯಲ್ಲಿ ತಲೆಯಿಲ್ಲದ ಕರಿಯ ಆಕಾರಗಳು, ಸಾಲು ಸಾಲಾಗಿ, ಉಸಿರಿಗೆ ಮಾತ್ರ ಅಲುಗುತ್ತ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬರಿಗಾಲಿನ ಸಪ್ಪಳ. ದೂರ ಹೋಯಿತು. ಹತ್ತಿರ ಬಂತು. ಠಣ್ ಎಂದು ತಗಡು ಕಲ್ಲಿಗೆ ತಾಗಿತು. ಮತ್ತೊಂದು ಸಪ್ಪಳ, ಮತ್ತೊಂದು ಠಣ್. ಒಬ್ಬರು ನನ್ನ ಮುಂದೆಯೇ ಬಂದು ನಿಂತರು. ಬಳೆ ಸಣ್ಣಗೆ ಸದ್ದಾಯಿತು. ಕಂಬಳಿಯ ಉಣ್ಣೆಯನ್ನು ದಾಟಿ ವಿಷದ ವಾಸನೆ ಮೂಗಿಗೆ ಬಂತು. ಆಕೆ ಅಲ್ಲಿಯೇ ನಿಂತಿದ್ದಳು. ಕೊಡಲೋ ಬೇಡವೋ ಎನ್ನುವ ಉಸಿರು ಕೇಳುತ್ತಿತ್ತು. ಕೊನೆಗೆ, ಠಣ್.

ಗೌಡರು ಕೆಮ್ಮಿದರು. ಎಲ್ಲರೂ ಕಂಬಳಿ ತೆಗೆದೆವು.

ಚಾವಡಿಯ ಕಟ್ಟೆಯ ಕೆಳಗೆ ಡಬ್ಬಿಗಳೆಲ್ಲ ಬಂದು ಕೂತಿದ್ದವು. ಒಂದು ಹೆಚ್ಚಿಗೇ ಇತ್ತು. ಅದು ನಮ್ಮದಲ್ಲ, ಎಂದೋ ಯಾರೋ ಒಯ್ದ ವಿಷದ ಡಬ್ಬಿ. ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಒಳಗೆ ಅರ್ಧ ಉಪ್ಪು. ಯಾರೂ ಅದರತ್ತ ನೋಡಲಿಲ್ಲ. ಸಿಪಾಯಿ ಉಪ್ಪು ಚೆಲ್ಲಿ, ಮೊದಲ ತೂತನ್ನು ಅದಕ್ಕೇ ಹೊಡೆದ. ಆಮೇಲೆ ಉಳಿದವಕ್ಕೆ. ಹಾರೆಯ ಒಂದೊಂದು ಏಟಿಗೂ ಗುಂಪಿನಲ್ಲಿ ಯಾರೋ ಒಬ್ಬ ಹೆಂಗಸು "ಅಯ್ಯ" ಎನ್ನುತ್ತಿದ್ದಳು.

ಜೀವ ತಂಪಾಯಿತು. ಗೌಡರಿಗೆ ಕೈ ಮುಗಿದು ಮೆಟ್ಟಿಲಿಳಿದೆ. ಚಪ್ಪಲಿ ಇರಲಿಲ್ಲ. ಗೋಡೆಗೆ ಆನಿಸಿಟ್ಟಿದ್ದ ಸರ್ಕಾರದ ಎರಡು ಹೊಸ ಗುದ್ದಲಿಗಳೂ ಇರಲಿಲ್ಲ.

ಸಿಪಾಯಿಗೆ ಆ ಪದ್ಧತಿಯ ಮೇಲೆ ಅಷ್ಟರಲ್ಲೇ ಪೂರ್ತಿ ನಂಬಿಕೆ ಬಂದಿತ್ತು. "ಗೌಡ್ರ, ಇನ್ನೊಮ್ಮೆ ಕಂಬಳಿ ಹೊಚ್ಚೂಣೇನ್ರಿ? ಅವೂ ಬರ್ತಾವು."

ಗೌಡರು ತಮ್ಮ ಊರಿನವರನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಿಧಾನವಾಗಿ ನೋಡಿದರು.

"ಬ್ಯಾಡಪಾ," ಅಂದರು. "ಹೊರಗ ನಿಮ್ಮ ಜೀಪ ನಿಂತೈತಿ."