ಇನ್ನೊಂದು ಕಿಟಕಿ ತಗೀರಿ

ಕೊಪ್ಪಳದಲ್ಲಿ ಕೂತು ಸುತ್ತಲಿನ ಅಂಗಡಿಗಳಿಗೆ ಬಿಲ್ ಮಾಡುವ ಪ್ರೋಗ್ರಾಂ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಬರೆಯುವುದು ಸುಲಭ, ಬರೆದ ಮೇಲೆ ಬರುವ ಫೋನ್ ಎತ್ತುವುದೇ ಕಷ್ಟ. ನನ್ನ ಪ್ರೋಗ್ರಾಮಿನಲ್ಲಿ ಒಂದು ಬಟನ್ ಇದೆ. ಒತ್ತಿದರೆ ಮೊದಲಿನ ಕಿಟಕಿಯ ಮೇಲೆ ಇನ್ನೊಂದು ಕಿಟಕಿ ತೆರೆದುಕೊಳ್ಳುತ್ತದೆ. ಗಿರಾಕಿಯ ಹೆಸರು, ಊರು ಅದರಲ್ಲಿ ಬರೆಯಬೇಕು. ಇಷ್ಟೇ. ಆದರೆ ಈ ಇಷ್ಟರಿಂದಲೇ ಆಗಾಗ ಏನಾದರೊಂದು ಪಜೀತಿ ಆಗುತ್ತಲೇ ಇರುತ್ತದೆ.

ಹಿಂದ ಕುಂತಿತ್ತು

ಯಲಬುರ್ಗಾದ ಒಂದು ಬಟ್ಟೆ ಅಂಗಡಿಯಲ್ಲಿ ವಯಸ್ಸಾದ ಗುಮಾಸ್ತರೊಬ್ಬರಿದ್ದಾರೆ. ಊರಿಗೆಲ್ಲ ಚಾಚಾ. ಒಂದು ಮದುವೆ ಮನೆಯವರ ಜವಳಿಯನ್ನೆಲ್ಲ ಬೆಳಗಿನಿಂದ ಕೂತು ಬಿಲ್ಲಿಗೆ ಏರಿಸಿದ್ದರು. ಕೊನೆಗೆ ಹೆಸರು ಬರೆಯೋಣವೆಂದು ಆ ಬಟನ್ ಒತ್ತಿದರು. ಪರದೆ ತುಂಬ ಖಾಲಿ ಕಿಟಕಿ!

"ಸರ್, ಎಲ್ಲಾ ಹೋತ್ರಿ," ಅಂತ ಫೋನು. ಏನು ಹೇಳಿದರೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಏನೂ ಒತ್ತಬ್ಯಾಡ್ರಿ ಚಾಚಾ, ಬಂದೆ," ಅಂತ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಚಾಚಾ ಕೈಕಟ್ಟಿಕೊಂಡು ಕೂತಿದ್ದಾರೆ, ಊಟದ ಡಬ್ಬಿ ಬಿಚ್ಚಿಲ್ಲ. ಮದುವೆ ಮನೆಯವರಿಗೆ ಮಾತ್ರ ಚಹಾದ ಮೇಲೆ ಚಹಾ. ನಾನು ಮೌಸ್ ಹಿಡಿದು ಮೇಲಿನ ಕಿಟಕಿಯನ್ನು ಬದಿಗೆ ಸರಿಸಿದೆ. ಹಿಂದೆ ಇಡೀ ಬಿಲ್ಲು ಹಾಗೇ ಇತ್ತು, ಒಂದು ಕುಪ್ಪಸದ ಬಟ್ಟೆಯೂ ತಪ್ಪಿರಲಿಲ್ಲ.

"ಯಾ ಅಲ್ಲಾ! ಇಲ್ಲೇ ಹಿಂದ ಕುಂತಿತ್ತೇನ್ರಿ?" ಚಾಚಾರ ಕಣ್ಣಲ್ಲಿ ನೀರು ಬಂತು. ಆಮೇಲೆ ಮುಖ ಸಣ್ಣದು ಮಾಡಿಕೊಂಡು ತಮ್ಮ ಫೋನ್ ನನ್ನ ಕೈಗೆ ಕೊಟ್ಟರು.

"ನೌಕರಿ ಹೋತು ಅಂತ ಹೆಂಡ್ತಿಗೆ ಹೇಳಿಬಿಟ್ಟೇನ್ರಿ. ಆಕಿ ಅಳತಾಳ ಅಂದ್ಕೊಂಡ್ರ, 'ಛಲೋ ಆತು, ದೌಡ್ ಬರ್ರಿ, ಸಂತಿಗೆ ಹೋಗೋದೈತಿ' ಅಂತ ಚೀಲಾ ತಗದಿಟ್ಟಾಳ. ನೌಕರಿ ಉಳೀತು ಅಂತ ನೀವ ಹೇಳ್ರಿ. ನಾ ಹೇಳಿದ್ರ ನೆವಾ ಅಂತಾಳ."

ಜಿಪುಣ ಆಗೇತಿ

ಕುಷ್ಟಗಿಯ ಔಷಧಿ ಅಂಗಡಿಯ ಮಾಲೀಕರ ಕಂಪ್ಯೂಟರು ಹಳೆಯದು. ಬಟನ್ ಒತ್ತಿದರೆ ಕಿಟಕಿ ಬರುವುದು ನಿಧಾನ. ಮಾಲೀಕರು ಅವಸರದವರು. ಕೌಂಟರಿನ ಆಚೆ ಜ್ವರದ ಮಗುವನ್ನು ಎತ್ತಿಕೊಂಡ ತಾಯಿ ನಿಂತಿರುವಾಗ ಅವಸರ ಆಗದೇ ಇರುತ್ತದೆಯೇ? ಕಿಟಕಿ ಬರುವವರೆಗೂ ಒತ್ತುತ್ತಲೇ ಇದ್ದರು. ಕೊನೆಗೆ ಒಂದರ ಬೆನ್ನಿಗೊಂದು ಕಿಟಕಿ ದಬದಬ ತೆರೆದುಕೊಂಡು ಕಂಪ್ಯೂಟರು ನಿಂತೇಹೋಯಿತು. ಮಾಲೀಕರು ಬಿಲ್ಲಿನ ಆಸೆ ಬಿಟ್ಟು ಔಷಧಿ ಕೊಟ್ಟು ಕಳಿಸಿ, ನನಗೆ ಫೋನ್ ಹಚ್ಚಿದರು.

"ಒಮ್ಮೆ ಒತ್ತಿದ್ರ ಸಾಕಲ್ರಿ," ಅಂದೆ.

"ಗಂಟಿ ಒತ್ತಿದ ಮ್ಯಾಲೆ ಬಾಗಲಾ ತಗೀಲಿಲ್ಲಂದ್ರ ನೀವು ಸುಮ್ನ ನಿಂದರತೀರೇನ್ರಿ?"

ಮಾತು ನ್ಯಾಯವಾದದ್ದೇ. ಎಷ್ಟು ಸಲ ಒತ್ತಿದರೂ ಒಂದೇ ಕಿಟಕಿ ಬರುವಂತೆ ತಿದ್ದಿಕೊಟ್ಟೆ. ಒಂದು ವಾರ ಆರಾಮಾಗಿತ್ತು. ಆಮೇಲೆ ಮತ್ತೆ ಫೋನು.

"ಏನ್ ಮಾಡಿಟ್ಟೀರಿ ಸರ್? ಮೊದ್ಲ ಕೇಳಿದಷ್ಟು ಕೊಡ್ತಿತ್ತು. ಈಗ ಎಷ್ಟ್ ಒತ್ತಿದ್ರೂ ಕೊಟ್ಟಿದ್ದನ್ನ ತಿರುಗಿ ತೋರಸತೈತಿ. ನಿಮ್ ಪ್ರೋಗ್ರಾಂ ಭಾಳ ಜಿಪುಣ ಆಗೇತ್ರಿ."

ಬಂದು ಕುಂತೈತಿ

ಗಂಗಾವತಿ ಕಡೆ ಬಾಳೆಹಣ್ಣಿನ ಸಗಟು ವ್ಯಾಪಾರಿಯೊಬ್ಬರಿದ್ದಾರೆ. ಮನೆಗೆ ಹೊಸದಾಗಿ ಬಂದ ಸೊಸೆ ಡಿಗ್ರಿ ಓದಿದ ಹುಡುಗಿ. ಹಟ ಹಿಡಿದು ಮಳಿಗೆಗೆ ಕಂಪ್ಯೂಟರ್ ತರಿಸಿದ್ದಳು. ಮಾವನವರಿಗೆ ಅದು ಸುತಾರಾಂ ಇಷ್ಟವಿರಲಿಲ್ಲ. "ಒಂದ್ ತಪ್ಪಾದ್ರೂ ಆ ಡಬ್ಬಿ ವಾಪಸ್ ಹೋಗತೈತಿ ನೋಡವಾ," ಅಂದಿದ್ದರು. ಹಾಗಾಗಿ ಆ ಹುಡುಗಿ ಪ್ರತಿಯೊಂದನ್ನೂ ಫೋನಿನಲ್ಲಿ ನನ್ನನ್ನು ಕೇಳಿಯೇ ಮಾಡುತ್ತಿದ್ದಳು.

"ಅಣ್ಣಾರ, ಗಿರಾಕಿ ಹೆಸ್ರು ಎಲ್ಲಿ ಬರೀಬೇಕ್ರಿ?"

"ಮೊದ್ಲ ಇನ್ನೊಂದು ಕಿಟಕಿ ತಗೀಬೇಕವಾ."

"ಕಿಟಕಿ ತಗೀಬ್ಯಾಡ ಅಂತ ಮಾವಾರು ಹೇಳ್ಯಾರಲ್ರಿ."

"ಮಾವಾರಿಗೆ ಇದೆಲ್ಲಾ ಏನ್ ಗೊತ್ತಾಗತೈತಿ? ತಗಿ, ಏನೂ ಆಗೂದಿಲ್ಲ."

ಆ ಕಡೆ ಕಿರ್ರ್ ಎಂದು ಸದ್ದಾಯಿತು. ಕಂಪ್ಯೂಟರು ಹಾಗೆ ಕಿರುಗುಟ್ಟುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

"ತಗದೇನ್ರಿ."

"ಬಂತೇನು?"

ಆಮೇಲೆ ಪಿಸುದನಿಯಲ್ಲಿ, "ಬಂತ್ರಿ. ದೊಡ್ಡದೊಂದು ಬಂದು ಕುಂತೈತಿ."

"ದೊಡ್ಡದ ಇರತೈತಿ. ಈಗ ಅದರ ಮ್ಯಾಲೆ ಹೆಸ್ರು ಬರಿ."

"ಅದರ ಮ್ಯಾಲೇನ್ರಿ?"

"ಹೂಂ. ಬ್ಯಾಡಾದ್ರ ಮ್ಯಾಲ, ಬಲಕ್ಕ, ಮೂಲ್ಯಾಗ ಮುಟ್ಟು. ತಾನ ಹೋಗತೈತಿ."

"ಮುಟ್ಟಾಕ ಹೋದ್ರ ಹಲ್ಲು ಕಿಸೀತೈತ್ರಿ ಅಣ್ಣಾರ!"

ಆಗ ತಿಳಿಯಿತು. ಹುಡುಗಿ ಗೋಡೆಯ ಕಿಟಕಿ ತೆಗೆದಿದ್ದಾಳೆ. ಒಳಗೆ ಮಂಗ್ಯಾ ಬಂದು ಕೂತಿದೆ. ಬಾಳೆಹಣ್ಣಿನ ಮಳಿಗೆಯಲ್ಲಿ ಕಿಟಕಿ ಯಾಕೆ ತೆಗೆಯಬಾರದು ಎಂಬುದು ಈ ಜಾಣನಿಗೆ ಆಗ ಗೊತ್ತಾಯಿತು!

"ಮೊದ್ಲ ಹೊರಗ ಓಡು ತಂಗಿ!" ಅಂದೆ. ಓಡಿ ಹೊರಗಿನಿಂದ ಬಾಗಿಲು ಹಾಕಿದಳು. ಅಷ್ಟರಲ್ಲಿ ಮಾವನವರು ಬಂದರು. ಸೊಸೆಗೆ ಅಳುವೇ ಬಂತು. ನಾನು ಈ ಕಡೆ ಫೋನ್ ಕಿವಿಗೊತ್ತಿ ಹಿಡಿದಿದ್ದೆ. ಅವರು ತೆರೆದ ಕಿಟಕಿಯಿಂದ ಒಳಗೆ ಇಣುಕಿದರು. ಮಂಗ್ಯಾ ಕುರ್ಚಿಯ ಮೇಲೆ ಠೀವಿಯಿಂದ ಕೂತು, ಒಂದು ಕೈಯಲ್ಲಿ ಹಣ್ಣು ಹಿಡಿದು, ಇನ್ನೊಂದು ಕೈಯಿಂದ ಕೀಬೋರ್ಡ್ ಬಡಿಯುತ್ತಿತ್ತಂತೆ. ಪ್ರಿಂಟರಿನಿಂದ ಬಿಲ್ಲಿನ ಮೇಲೆ ಬಿಲ್ಲು ಹೊರಗೆ ಬರುತ್ತಿತ್ತಂತೆ.

ಮಾವನವರು ಬಡಿಗೆ ಹಿಡಿದು ಅದನ್ನು ಓಡಿಸಿದರು. ಸೊಸೆಗೆ ಏನೂ ಅನ್ನಲಿಲ್ಲ. ನನಗೂ ಅನ್ನಲಿಲ್ಲ. ಆ ಮೌನಕ್ಕೇ ಹೆದರಿ ಮರುದಿನ ಬೆಳಿಗ್ಗೆ ನಾನೇ ಹೋದೆ. ತಪ್ಪು ನನ್ನದು, ಹುಡುಗಿಯದಲ್ಲ ಎಂದು ಹೇಳಬೇಕಿತ್ತು.

ಹೋಗಿ ನೋಡಿದರೆ ಕುರ್ಚಿಯ ಮೇಲೆ ಮಾವನವರೇ ಕೂತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಬಂದಿದೆ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಾರೆ. ಪಕ್ಕದಲ್ಲಿ ಸೊಸೆ ನಗು ತಡೆದುಕೊಂಡು ಕಲಿಸುತ್ತಿದ್ದಾಳೆ.

"ಏನ್ರಿ ಸಾವಕಾರ್ರ, ನೀವೂ ಕಲಿಯಾಕ ಹತ್ತೀರಿ?" ಅಂದೆ.

ಅವರು ಪರದೆಯಿಂದ ಕಣ್ಣು ಕೀಳದೆ ಹೇಳಿದರು: "ಮತ್ತೇನ್ ಮಾಡ್ಲ್ರಿ? ಸೊಸಿ ನನಗಿಂತ ಶಾಣ್ಯಾ ಅದಾಳ ಅಂದ್ರ ತಡಕೋಬಹುದು. ಮಂಗ್ಯಾನೂ ಶಾಣ್ಯಾ ಆದ್ರ ತಡಕೊಳ್ಳೂದು ಹ್ಯಾಂಗ್ರಿ?"